ಶನಿವಾರದ ಮೂರು ಕಿಲೋಮೀಟರು

ಕಾರು ಮನೆಗೆ ಬಂದ ಬೆಳಿಗ್ಗೆ ಅವನು ಮೊದಲು ಮಾಡಿದ ಕೆಲಸವೆಂದರೆ ಅದರ ಬಾಗಿಲನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಸದ್ದು ಕೇಳಿದ್ದು. ಬೇರೆ ಕಾರುಗಳ ಬಾಗಿಲು ತಗಡಿನ ಡಬ್ಬಿಯಂತೆ ಬಡಿದುಕೊಳ್ಳುತ್ತವೆ. ಇದರದು ಹಾಗಲ್ಲ, ಮನೆಯ ಹಿರಿಯರು ಹೇಳಬೇಕಾದ್ದನ್ನು ಹೇಳಿ ಬಾಯಿ ಮುಚ್ಚಿದ ಹಾಗೆ, ಒಂದೇ ಒಂದು ಗಂಭೀರವಾದ ಸದ್ದು.

"ಬಾಗಿಲಿಗೇ ಇಷ್ಟೊತ್ತಾದ್ರೆ ಹತ್ತೋದು ಯಾವಾಗ?" ಎಂದಳು ಹೆಂಡತಿ, ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತು.

"ಕೇಳು ಇಲ್ಲಿ. ಹದಿಮೂರು ವರ್ಷ ಆದ್ರೂ ಕೀಲು ಒಂಚೂರೂ ಸಡಿಲ ಆಗಿಲ್ಲ."

"ನಮ್ಮ ಮದುವೆಗೆ ಹದಿನೇಳಾಯ್ತು. ನನ್ನ ಕೀಲು ಹೇಗಿದೆ ಅಂತ ಇವತ್ತಿನವರೆಗೂ ಯಾರೂ ಕಿವಿ ಇಟ್ಟು ಕೇಳಿಲ್ಲ."

ಅವಳ ಮಾತಿಗೆ ಅವನು ನಕ್ಕ. ಅವನು ನಗುವುದು ಅಪರೂಪ. ಎರಡೇ ಸೀಟಿನ, ಕಡುಹಸಿರು ಬಣ್ಣದ, ಇಲಿಗಾಗಿ ಹೊಂಚುಹಾಕಿದ ಬೆಕ್ಕಿನಂತೆ ನೆಲಕ್ಕೆ ಹೊಟ್ಟೆಯೂರಿ ಕೂತ ಕಾರು ಅದು. ಕಾಲೇಜಿನಲ್ಲಿದ್ದಾಗ ಅದೇ ಮಾದರಿಯ ಕಾರಿನ ಚಿತ್ರವನ್ನು ಹಾಸ್ಟೆಲಿನ ಬೀರುವಿನ ಒಳಬಾಗಿಲಿಗೆ ಅಂಟಿಸಿಕೊಂಡಿದ್ದ. ಹೊರಬಾಗಿಲಿಗೆ ಅಂಟಿಸಿದ್ದರೆ ನೋಡಿದವರು ನಗುತ್ತಿದ್ದರು. ಆಸೆಯನ್ನು ಒಳಬಾಗಿಲಿಗೇ ಅಂಟಿಸಿಕೊಂಡು ಬದುಕಿದವನು ಅವನು. ಈಗ ಒಬ್ಬ ಹಲ್ಲಿನ ಡಾಕ್ಟರು ಓಡಿಸಿ, ತಣಿದು, ಬೇಡವೆಂದು ಬಿಟ್ಟ ಕಾರು ಕೈಗೆಟುಕುವ ಬೆಲೆಗೆ ಸಿಕ್ಕಿತ್ತು. ಇಷ್ಟು ಸುಲಭವಾಗಿ ಸಿಕ್ಕಿತಲ್ಲ ಎಂಬುದೇ ಅವನ ಮೊದಲನೆಯ ಅನುಮಾನ.

ಅನುಮಾನವೇ ಅವನ ಅನ್ನ ಎಂದರೂ ತಪ್ಪಿಲ್ಲ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಅವನು ಇನ್ಸ್‌ಪೆಕ್ಟರು. ಹಿತ್ತಾಳೆಯ ತೂಕದ ಕಲ್ಲುಗಳನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಅಂಗಡಿ ಅಂಗಡಿ ಸುತ್ತಿ ತಕ್ಕಡಿಗಳನ್ನು ಪರೀಕ್ಷಿಸುವುದು, ಐದು ಲೀಟರಿನ ಮೊಹರು ಹಾಕಿದ ಕ್ಯಾನು ಹಿಡಿದು ಪೆಟ್ರೋಲ್ ಬಂಕಿನಲ್ಲಿ ನಿಲ್ಲುವುದು, ಸರಿಯಿದ್ದರೆ ಸೀಸದ ಸೀಲು ಒತ್ತುವುದು, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಮೇಲೆ ಮನುಷ್ಯರ ಮುಖಕ್ಕಿಂತ ತಕ್ಕಡಿ ಹಿಡಿದ ಅವರ ಹೆಬ್ಬೆರಳು ಎಲ್ಲಿದೆ ಎಂದು ನೋಡುವುದು ಅವನಿಗೆ ರೂಢಿಯಾಗಿತ್ತು. ಅಂಗಡಿಯವರು ಕೈಮುಗಿದು, "ಒಂದ್ಸಲ ಹೆಚ್ಚುಕಮ್ಮಿ ಆಗಿದೆ, ಬಿಟ್ಬಿಡಿ ಸಾರ್," ಎಂದರೆ ಅವನು ಹೇಳುವ ಮಾತೊಂದಿತ್ತು: "ಒಂದ್ಸಲ ತಪ್ಪಿದ್ರೆ ಅದು ಕೈಯ ತಪ್ಪು. ಪ್ರತಿ ಸಲ ಅಷ್ಟೇ ತಪ್ಪಿದ್ರೆ ಅದು ತಕ್ಕಡಿ ತಪ್ಪು." ಇಲಾಖೆಗೆ ಹೊಸದಾಗಿ ಸೇರಿದವರಿಗೂ ಅವನು ಮೊದಲ ದಿನ ಕಲಿಸುತ್ತಿದ್ದುದು ಇದನ್ನೇ.

ಕಾರಿನ ಸುಖವನ್ನು ಅವನು ಯಾರಿಗೂ ಹೇಳಿಕೊಳ್ಳಲಿಲ್ಲ. ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಬೆನ್ನ ಹಿಂದೆ ಏನೋ ಒಂದು ಎದ್ದು ಮೈಮುರಿದ ಹಾಗೆ ಆಗುತ್ತಿತ್ತು. ಚರ್ಮದ ಸೀಟಿನಲ್ಲಿ ಹಳೆಯ ಗ್ರಂಥಾಲಯದ ವಾಸನೆ. ತಿರುವಿನಲ್ಲಿ ಸ್ಟಿಯರಿಂಗನ್ನು ತಿರುಗಿಸಬೇಕೆಂದು ಯೋಚಿಸಿದರೆ ಸಾಕು, ಕೈ ತಿರುಗಿಸುವ ಮೊದಲೇ ಅದು ತಿರುಗಿರುತ್ತಿತ್ತು. ಕಾಟವನ್ನು ಮಾತ್ರ ಊರಿಗೆಲ್ಲ ಹೇಳುತ್ತಿದ್ದ. ಏರಿಸಿದ ಕಿಟಕಿ ಎರಡು ಬೆರಳಿನಷ್ಟು ತಾನಾಗಿ ಇಳಿಯುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಕಿತ್ತಳೆ ದೀಪ ಯಾವ ಕಾರಣವೂ ಇಲ್ಲದೆ ಹತ್ತಿ ಯಾವ ಕಾರಣವೂ ಇಲ್ಲದೆ ಆರುತ್ತಿತ್ತು. ಉಬ್ಬು ಹಾರಿದರೆ ಡಿಕ್ಕಿ ಬಾಯಿಬಿಟ್ಟು ಆಕಳಿಸುತ್ತಿತ್ತು.

ಮೆಕ್ಯಾನಿಕ್‌ನನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟು ಕಣ್ಣುಮುಚ್ಚಿ ರೋಗ ಹೇಳುವವನು. ಮೊದಲ ಸಲ ಕಾರು ತೋರಿಸಿದ ದಿನ ಮೇಸ್ತ್ರಿ ಸುತ್ತ ಬಂದು ಒಂದೊಂದನ್ನೂ ತಟ್ಟಿ ಒಂದೊಂದು ಮಾತು ಹೇಳುತ್ತ ಹೋದ. ಇವನ ಕಣ್ಣು ಮಾತ್ರ ಮೇಸ್ತ್ರಿಯ ಕೈಗಳ ಮೇಲೆ ನೆಟ್ಟಿತ್ತು. ಒಳ್ಳೆಯ ಭಾಗ ಬಿಚ್ಚಿ ಜೇಬಿಗಿಳಿಸಿ ಹಳೆಯದನ್ನು ಕೂರಿಸುವವರ ಕಥೆಗಳನ್ನು ಅವನು ಸಾಕಷ್ಟು ಕೇಳಿದ್ದ. ಕೈ ನೋಡುವ ಭರದಲ್ಲಿ ಮಾತು ಕಿವಿಗೆ ಬೀಳಲಿಲ್ಲ.

ಬಿದ್ದು ಮೂಳೆ ಮುರಿದುಕೊಂಡವರಿಗೆ ಆಸ್ಪತ್ರೆಯಲ್ಲಿ ಮತ್ತೆ ನಡೆಯುವುದನ್ನು ಕಲಿಸುವ ಕೆಲಸ ಹೆಂಡತಿಯದು. ಅವಳ ಸ್ವಂತ ಅಕ್ಕನೇ ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ ಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋಗಿ ಕಾಲಿಗೆ ವ್ಯಾಯಾಮ ಮಾಡಿಸಿ ಬರುತ್ತಿದ್ದಳು. ಮೊದಲು ಬಸ್ಸಿನಲ್ಲಿ. ಕಾರು ಬಂದ ಮೇಲೆ ಒಂದು ಶನಿವಾರ ಕೈಚಾಚಿ, "ಕೊಡು ಕೀಲಿ," ಎಂದಳು.

"ಓಡಿಸ್ತೀಯಾ? ಇದು ಸ್ವಲ್ಪ ಹಟಮಾರಿ."

"ಹಟಮಾರಿಗಳ ಜೊತೆ ಹದಿನೇಳು ವರ್ಷದ ಅನುಭವ ಇದೆ."

ಅವಳು ಕಾರು ತಿರುಗಿಸಿಕೊಂಡು ಹೋದದ್ದನ್ನು ಅವನು ಗೇಟಿನಲ್ಲಿ ನಿಂತು ನೋಡಿದ. ತುಂಬಿದ ಕೊಡ ಹೊತ್ತವನಂತೆ ಓಡಿಸುವವನು ಅವನು; ಅವಳು ನೀರಿಗೇ ಇಳಿದವಳಂತೆ ಓಡಿಸಿದಳು. ಕಾರು ಅವನ ಕೈಯಲ್ಲಿ ಎಂದೂ ಹೊರಡಿಸದ ಒಂದು ಸ್ವರವನ್ನು ಅವಳ ಕೈಯಲ್ಲಿ ಹೊರಡಿಸಿತು. ಅದು ಅವನಿಗೆ ಹಿಡಿಸಿತೋ ಚುಚ್ಚಿತೋ ಅವನಿಗೇ ತಿಳಿಯಲಿಲ್ಲ.

ಕೀಲಿ ಕೊಡುವ ಮೊದಲು ಮೀಟರಿನ ಅಂಕಿ ನೋಡಿದ್ದು ಬೇಕೆಂದು ಮಾಡಿದ್ದಲ್ಲ. ಪೆಟ್ರೋಲ್ ಬಂಕಿನಲ್ಲಿ ಪರೀಕ್ಷೆಗೆ ಮುಂಚೆ ಅಂಕಿ ನೋಡಿ ಮನಸ್ಸಿನಲ್ಲಿಟ್ಟುಕೊಳ್ಳುವುದು ಇಪ್ಪತ್ತೆರಡು ವರ್ಷದ ರೂಢಿ. ಕಣ್ಣು ತಾನಾಗಿ ಹೋಗಿತ್ತು. ಮಧ್ಯಾಹ್ನ ಅವಳು ಬಂದ ಮೇಲೂ ತಾನಾಗಿ ಹೋಯಿತು. ನಲವತ್ತೊಂದು ಕಿಲೋಮೀಟರು.

ಅಕ್ಕನ ಮನೆ ಹತ್ತೊಂಬತ್ತು ಕಿಲೋಮೀಟರು. ಹೋಗಿ ಬಂದರೆ ಮೂವತ್ತೆಂಟು. ಆ ರಸ್ತೆಯ ಮೈಲಿಗಲ್ಲುಗಳು ಅವನಿಗೆ ಬಾಯಿಪಾಠ.

"ದಾರೀಲಿ ಎಲ್ಲಾದ್ರೂ ನಿಲ್ಸಿದ್ಯಾ?" ಎಂದು ಕೇಳಿದ.

"ಇಲ್ಲ. ಯಾಕೆ?"

"ಸುಮ್ನೆ ಕೇಳ್ದೆ."

ಸುಮ್ಮನೆ ಎಂಬ ಮಾತಿನಷ್ಟು ಸುಳ್ಳು ಮಾತು ಇನ್ನೊಂದಿಲ್ಲ. ಎರಡನೆಯ ಶನಿವಾರವೂ ನಲವತ್ತೊಂದು. ಮೂರನೆಯದೂ ನಲವತ್ತೊಂದು. ಮೊದಲ ವಾರ ತರಕಾರಿಗೋ ಔಷಧಿಗೋ ಸುತ್ತಿ ಬಂದಿರಬೇಕೆಂದುಕೊಂಡಿದ್ದ. ಮೂರು ವಾರವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಅದೇ ಮೂರು ಕಿಲೋಮೀಟರು ಹೆಚ್ಚು ಬಂದಾಗ ಅವನು ಕೂತು ಲೆಕ್ಕ ಹಾಕಿದ. ಇದು ದಾರಿ ತಪ್ಪಿದ್ದಲ್ಲ, ಅಡ್ಡ ಹಾದದ್ದಲ್ಲ. ಇದು ಒಂದು ಗೊತ್ತಾದ ಜಾಗ. ಹೆದ್ದಾರಿಯಿಂದ ಒಂದೂವರೆ ಕಿಲೋಮೀಟರು ಒಳಗೆ, ಒಂದೂವರೆ ವಾಪಸು. ಪ್ರತಿ ಶನಿವಾರ, ತಪ್ಪದೆ.

ಆಫೀಸಿನ ನಕಾಶೆಯಲ್ಲಿ ಆ ದಾರಿಯುದ್ದಕ್ಕೂ ಎರಡು ಬದಿಗೆ ಒಂದೂವರೆ ಕಿಲೋಮೀಟರು ಗೆರೆ ಎಳೆದು ನೋಡಿದ. ಒಂದು ಹಂಚಿನ ಕಾರ್ಖಾನೆ, ಒಂದು ಈಜುಕೊಳ, ನಾಯಿ ಆಸ್ಪತ್ರೆ, ಸಾಲು ಮನೆಗಳ ಹೊಸ ಬಡಾವಣೆ. ಬಡಾವಣೆಯ ಮೇಲೆ ಅವನ ಬೆರಳು ಬಹಳ ಹೊತ್ತು ನಿಂತಿತು.

ನಾಲ್ಕನೆಯ ಶನಿವಾರ ಅವಳು ತಡವಾಗಿ ಬಂದಳು. ಕೆನ್ನೆ ಕೆಂಪಾಗಿತ್ತು, ಕೂದಲು ಕೆದರಿತ್ತು. ಕಿಟಕಿಗಳನ್ನು ಪೂರ್ತಿ ಇಳಿಸಿಕೊಂಡು ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ, "ಗೊತ್ತಾ, ಇವತ್ತು ಏನಾಯ್ತು ಅಂದ್ರೆ," ಎಂದು ಶುರುಮಾಡಿದಳು.

"ಕೀಲಿ ಎಲ್ಲಿ?" ಎಂದ ಅವನು.

ಅವಳು ಕೀಲಿ ಕೊಟ್ಟಳು. ಅವನು ಹೊರಗೆ ಹೋದ. ನಲವತ್ತಾರು. ಅಷ್ಟೇ ಅಲ್ಲ, ಡ್ರೈವರ್ ಸೀಟು ನಾಲ್ಕು ಬೆರಳು ಹಿಂದಕ್ಕೆ ಸರಿದಿತ್ತು. ಅವಳು ಅವನ ಭುಜಕ್ಕೆ ಬರುವ ಎತ್ತರದವಳು. ಅವಳ ಕಾಲು ಪೆಡಲಿಗೆ ಎಟುಕಬೇಕಾದರೆ ಸೀಟು ಮುಂದೆ ಬರಬೇಕೇ ಹೊರತು ಹಿಂದೆ ಹೋಗುವಂತಿಲ್ಲ. ಅಲ್ಲಿ ಕೂತಿದ್ದವರು ಯಾರೋ ಕಾಲು ನೀಳವಾದವರು.

ಒಳಗೆ ಬಂದಾಗ ಅವಳು ತಟ್ಟೆ ಹಾಕುತ್ತಿದ್ದಳು. "ಏನೋ ಹೇಳ್ತಿದ್ಯಲ್ಲ," ಎಂದ.

"ಏನಿಲ್ಲ ಬಿಡು," ಎಂದಳು ಅವಳು. ಆ ಏನಿಲ್ಲ ಎಂಬುದನ್ನೂ ಅವನು ಮೂರು ಕಿಲೋಮೀಟರಿನ ಜೊತೆಗೆ ಸೇರಿಸಿಕೊಂಡ.

ಸೀಟಿನ ವಿಷಯ ಹಿಡಿದುಕೊಂಡು ಸೋಮವಾರ ಕಿವಿ ಮೇಸ್ತ್ರಿಯ ಹತ್ತಿರ ಹೋದ. ಮೇಸ್ತ್ರಿ ಕೈಯೊರೆಸಿಕೊಳ್ಳುತ್ತ ನಕ್ಕ.

"ಅದಕ್ಕೆ ನೆನಪಿನ ಶಕ್ತಿ ಇದೆ ಸಾರ್. ಸೀಟಲ್ಲಿ ಗುಂಡಿ ಇದೆ ನೋಡಿ, ಒಂದು ಎರಡು ಅಂತ. ಯಾರ್ಯಾರಿಗೆ ಎಷ್ಟು ಬೇಕೋ ಅಷ್ಟು ನೆನಪಿಟ್ಟುಕೊಳ್ಳುತ್ತೆ. ಈಗ ತಲೆ ಸ್ವಲ್ಪ ಕೆಟ್ಟಿದೆ. ಒಂದೊಂದ್ಸಲ ಇಂಜಿನ್ ಆಫ್ ಮಾಡಿದ ಮೇಲೆ ಹಳೇ ಯಜಮಾನರನ್ನ ನೆನಪು ಮಾಡ್ಕೊಂಡು ಹಿಂದಕ್ಕೆ ಹೋಗ್ಬಿಡುತ್ತೆ. ಹಲ್ಲಿನ ಡಾಕ್ಟ್ರು ಆರಡಿ ಇದ್ರಲ್ಲ."

"ನಂಗ್ಯಾಕೆ ಒಂದ್ಸಲವೂ ಹೋಗಿಲ್ಲ?"

"ನಿಮ್ಮನ್ನ ಕಂಡ್ರೆ ಭಯ ಇರ್ಬೇಕು."

ಮೇಸ್ತ್ರಿ ತಮಾಷೆ ಮಾಡಿದ್ದು. ಇವನಿಗೆ ಅದರಲ್ಲಿ ಬೇರೇನೋ ಕೇಳಿಸಿತು. ಇಷ್ಟು ಬೇಗ ಉತ್ತರ ಸಿದ್ಧವಿದ್ದ ಮನುಷ್ಯನನ್ನು ಅವನು ಕೆಲಸದ ಮೇಲೆ ಎಂದೂ ನಂಬಿದವನಲ್ಲ. ಹೆಂಡತಿ ಒಮ್ಮೆ ಗಾಳಿ ತುಂಬಿಸಲು ಇಲ್ಲಿಗೆ ಬಂದಿದ್ದಳಲ್ಲವೇ? ಮೇಸ್ತ್ರಿಗೆ ಅವಳು ಗೊತ್ತು. ಮೇಸ್ತ್ರಿಯ ಕಾಲುಗಳನ್ನೂ ಒಮ್ಮೆ ಅಳೆದು ನೋಡಿದ, ಕುಳ್ಳನೆಯ ಮನುಷ್ಯ. ತನಗೇ ನಾಚಿಕೆಯಾಯಿತು. ನಾಚಿಕೆಯಾದರೂ ಅನುಮಾನ ಹೋಗಲಿಲ್ಲ.

ಆಮೇಲಿನ ಮೂರು ಶನಿವಾರಗಳೂ ನಲವತ್ತೊಂದೇ. ಈ ನಡುವೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಜಗಳವೇನೂ ಇಲ್ಲ. ಉಪ್ಪು ಕೊಡು, ಬಾಗಿಲು ಹಾಕಿದ್ಯಾ, ನಾಳೆ ಹಾಲು ಹೆಚ್ಚು ಬೇಕು, ಇಂಥವೆಲ್ಲ ನಡೆಯುತ್ತಿದ್ದವು. ಅವಳು ಫೋನಿನಲ್ಲಿ ನಕ್ಕರೆ ಅವನು ಪತ್ರಿಕೆಯ ಪುಟ ತಿರುಗಿಸುವುದನ್ನು ನಿಲ್ಲಿಸುತ್ತಿದ್ದ. ಅವಳು ಹೊಸ ಸೋಪು ತಂದರೆ ಯಾಕೆ ಎಂದು ಯೋಚಿಸುತ್ತಿದ್ದ. ಸಂಜೆ ಇಬ್ಬರೂ ಕಾರಿನಲ್ಲಿ ಒಂದು ಸುತ್ತು ಹೋಗಿಬರುವ ಹೊಸ ಅಭ್ಯಾಸವೊಂದು ಶುರುವಾಗಿತ್ತು. ಆ ಕಾರಿನಲ್ಲಿ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂರಬೇಕು. ಈಗ ಅಷ್ಟು ಹತ್ತಿರ ಕೂತು ಮಾತಾಡದಿರುವುದು ಮನೆಯಲ್ಲಿ ಮಾತಾಡದಿರುವುದಕ್ಕಿಂತ ಕಷ್ಟವಾಗಿ ಅದೂ ನಿಂತಿತು.

ಅವಳನ್ನೇ ಕೇಳಬಹುದಿತ್ತು. ಕೇಳಿದರೆ ಅವಳು ಎಚ್ಚರವಾಗುತ್ತಾಳೆ. ಪರೀಕ್ಷೆಗೆ ಬರುತ್ತೇನೆಂದು ಅಂಗಡಿಗೆ ಮೊದಲೇ ಹೇಳಿಕಳಿಸುವ ಇನ್ಸ್‌ಪೆಕ್ಟರು ಎಲ್ಲಾದರೂ ಉಂಟೆ? ಆದ್ದರಿಂದ ಒಂದು ಬುಧವಾರ ಆಫೀಸಿನಿಂದ ಹೆಂಡತಿಯ ಅಕ್ಕನಿಗೆ ಫೋನು ಮಾಡಿದ. ಕಾಲು ಹೇಗಿದೆ, ನೋವು ಇದೆಯಾ ಎಂದೆಲ್ಲ ಕೇಳಿ, ಕೊನೆಗೆ ದನಿಯಲ್ಲಿ ಸಕ್ಕರೆ ಬೆರೆಸಿ, "ಮೊನ್ನೆ ಶನಿವಾರ ಇವಳು ಎಷ್ಟು ಹೊತ್ತಿಗೆ ಬಂದ್ಲು ಅತ್ತಿಗೆ? ಹೊರಟಿದ್ದೆಷ್ಟು ಹೊತ್ತಿಗೆ?" ಎಂದ.



"ನನ್ನ ಸೊಂಟ ಮುರ್ದಿರೋದಪ್ಪ," ಎಂದರು ಅತ್ತಿಗೆ. "ತಲೆ ಸರಿಯಾಗೇ ಇದೆ. ಏನು ಕೇಳ್ಬೇಕು ಅಂತಿದ್ಯೋ ಅದನ್ನ ಅವಳನ್ನೇ ಕೇಳು." ಫೋನು ಇಟ್ಟರು.

ಅವನು ಮನೆಗೆ ಬರುವಷ್ಟರಲ್ಲಿ ವಿಷಯ ಅವನಿಗಿಂತ ಮೊದಲು ಬಂದಿತ್ತು. ಹೆಂಡತಿ ಊಟದ ಮೇಜಿನ ಮುಂದೆ ಕೈಕಟ್ಟಿ ಕೂತಿದ್ದಳು.

"ಕೇಳು," ಎಂದಳು.

"ಏನನ್ನ?"

"ಅಕ್ಕನನ್ನ ಏನು ಕೇಳಿದ್ಯೋ ಅದನ್ನ."

ಅವನು ನಿಂತೇ ಇದ್ದ. ಕೆಂಪು ಚೀಟಿ ಅಂಟಿಸುವಾಗ ಬರುವ ದನಿ ತಾನಾಗಿ ಬಂತು. "ಹೋಗಿ ಬರೋಕೆ ಮೂವತ್ತೆಂಟು ಕಿಲೋಮೀಟರು. ನೀನು ಪ್ರತಿ ಶನಿವಾರ ನಲವತ್ತೊಂದು ಓಡಿಸ್ತೀಯ. ಮೂರು ಹೆಚ್ಚು. ಒಂದ್ಸಲ ಎಂಟು ಹೆಚ್ಚು."

ಅವಳು ಕೋಪ ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದ, ಅಳುತ್ತಾಳೆ ಎಂದುಕೊಂಡಿದ್ದ. ಎರಡಕ್ಕೂ ಸಿದ್ಧನಾಗಿದ್ದ. ಅವಳು ಅವನನ್ನು ಹೊಸ ರೋಗಿಯನ್ನು ನೋಡುವಂತೆ, ಎಲ್ಲಿ ಮುರಿದಿದೆಯೆಂದು ಹುಡುಕುವಂತೆ ನೋಡಿದಳು.

"ಏಳು ವಾರದಿಂದ ಎಣಿಸ್ತಿದ್ದೀಯಾ?"

"ಎಣಿಸ್ಲಿಲ್ಲ. ಕಾಣಿಸ್ತು."

"ನಾನು ಅಕ್ಕನ ಮನೆಗೆ ಹೋಗ್ತೀನಿ, ಬರ್ತೀನಿ. ಅಷ್ಟೇ."

"ಹಂಗಾದ್ರೆ ಮೀಟರ್ ಸುಳ್ಳು ಹೇಳುತ್ತಾ?"

"ಅದು ನಂಗೊತ್ತಿಲ್ಲ. ನಾನು ಹೇಳ್ತಿಲ್ಲ ಅನ್ನೋದು ಮಾತ್ರ ಗೊತ್ತು."

ಅವಳು ಎದ್ದು, ಈಚೆಗೆ ತನ್ನ ಹತ್ತಿರವೇ ಇಟ್ಟುಕೊಂಡಿದ್ದ ಕಾರಿನ ಇನ್ನೊಂದು ಕೀಲಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಮುಂದಿನ ಶನಿವಾರ ಬಸ್ಸಿನಲ್ಲಿ ಹೋದಳು. ಬಸ್ಸಿನಿಂದ ಇಳಿದು ಬಂದು, ಟಿಕೆಟನ್ನು ಅವನ ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಆಸ್ಪತ್ರೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಇದೆಯೆಂದು ಅವಳು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದುದು ಆ ಸಂಜೆ ಅವನ ಕಿವಿಗೆ ಬಿತ್ತು. ಯಾರಿಗಾಗಿ ಕೋಣೆ ಎಂದು ಕೇಳುವ ಬದಲು ಆ ಟಿಕೆಟನ್ನು ಎತ್ತಿ ಜೇಬಿಗಿಟ್ಟುಕೊಂಡ. ಇಷ್ಟು ದಿನ ಅನುಮಾನವಿತ್ತು. ಅಂದು ಮೊದಲ ಸಲ ಭಯವಾಯಿತು.

ಮರುವಾರ ಟ್ಯಾಕ್ಸಿ ಮೀಟರುಗಳ ಪರೀಕ್ಷೆ. ಊರಾಚೆ ನೇರವಾದ ಒಂದು ರಸ್ತೆಯಿದೆ. ಅದರಲ್ಲಿ ಇಲಾಖೆಯವರು ಉಕ್ಕಿನ ಪಟ್ಟಿಯಿಂದ ಸರಿಯಾಗಿ ಒಂದು ಕಿಲೋಮೀಟರು ಅಳೆದು ಎರಡು ತುದಿಗೂ ಬಿಳಿ ಕಂಬ ನೆಟ್ಟಿದ್ದಾರೆ. ಟ್ಯಾಕ್ಸಿಗಳು ಒಂದೊಂದಾಗಿ ಆ ಕಂಬದಿಂದ ಈ ಕಂಬಕ್ಕೆ ಓಡಬೇಕು. ಇನ್ಸ್‌ಪೆಕ್ಟರು ಒಳಗೆ ಕೂತು ಮೀಟರು ನೋಡಬೇಕು. ಶುಕ್ರವಾರ ಬೆಳಿಗ್ಗೆ ಕೊನೆಯದಾಗಿ ಬಂದವನು ದಪ್ಪ ಮೀಸೆಯ ಒಬ್ಬ ಹಳೆಯ ಚಾಲಕ. ಅವನ ಮೀಟರು ತುಸು ಹೆಚ್ಚು ತೋರಿಸಿತು. ಇವನು ಕೆಂಪು ಚೀಟಿ ತೆಗೆದ.

"ಟೈರು ಸವೆದಿದೆ ಸಾಹೇಬ್ರೇ," ಎಂದ ಮೀಸೆಯವನು. "ಚಕ್ರ ಚಿಕ್ಕದಾದ್ರೆ ಸುತ್ತು ಜಾಸ್ತಿ ಆಗುತ್ತೆ, ಮೀಟರು ಜಾಸ್ತಿ ತೋರ್ಸುತ್ತೆ. ನಿಮಗೆ ನಾನು ಹೇಳ್ಕೊಡ್ಬೇಕಾ? ನನ್ನ ಮೇಲೆ ಯಾಕೆ ಕಳ್ಳನ ಹಂಗೆ ಕಣ್ಣು ಬಿಡ್ತೀರಿ?"

"ಎಲ್ಲರೂ ಹೇಳೋದು ಇದನ್ನೇ."

"ಎಲ್ಲರದ್ದೂ ಚಕ್ರ ತಾನೇ?" ಮೀಸೆಯವನು ರಸ್ತೆಬದಿಯ ಮರದ ಕೆಳಗೆ ನಿಂತಿದ್ದ ಹಸಿರು ಕಾರಿನ ಕಡೆ ಗಲ್ಲ ತಿರುಗಿಸಿದ. "ಅದು ನಿಮ್ದಾ? ಭಲೇ ಗಾಡಿ. ನಮ್ಮ ಮೀಟರಿಗೆ ನೀವು ಸೀಲು ಹಾಕ್ತೀರಿ. ಅದಕ್ಕೆ ಯಾರು ಹಾಕಿದ್ದಾರೆ?"

ಉಳಿದವರು ನಕ್ಕರು. ಇವನು ನಗಲಿಲ್ಲ. ಟ್ಯಾಕ್ಸಿಗಳೆಲ್ಲ ಹೋಗುವವರೆಗೆ ಕಾದು ಕಾರಿನಲ್ಲಿ ಕೂತು ಬಿಳಿ ಕಂಬಕ್ಕೆ ಮುಂದಿನ ಚಕ್ರ ತಾಗುವಂತೆ ನಿಲ್ಲಿಸಿದ. ಸಣ್ಣ ಮೀಟರನ್ನು ಸೊನ್ನೆಗೆ ತಂದ. ಆ ಕಂಬದಿಂದ ಈ ಕಂಬಕ್ಕೆ, ಈ ಕಂಬದಿಂದ ಆ ಕಂಬಕ್ಕೆ, ಒಟ್ಟು ಹತ್ತು ಸಲ ಓಡಿಸಿದ. ಹತ್ತು ಕಿಲೋಮೀಟರು. ಮೀಟರು ತೋರಿಸಿದ್ದು ಹತ್ತು ಪಾಯಿಂಟ್ ಎಂಟು.

ಎಂಜಿನ್ನು ಆರಿಸಿ ಕೂತ. ಕಿತ್ತಳೆ ದೀಪ ಹತ್ತಿತು, ಆರಿತು. ಕಿವಿ ಮೇಸ್ತ್ರಿಗೆ ಫೋನು ಮಾಡಿದ.

"ಟೈರಾ? ಮೊದಲನೇ ದಿನಾನೇ ಹೇಳಿದ್ನಲ್ಲ ಸಾರ್! ಇದರ ಅಳತೆ ಟೈರು ಈಗ ಬರ್ತಿಲ್ಲ, ಡಾಕ್ಟ್ರು ಮಾರೋ ಮುಂಚೆ ಚಿಕ್ಕ ಅಳತೇದು ಹಾಕ್ಸಿದ್ದಾರೆ, ಮೀಟರು ಸ್ವಲ್ಪ ಜಾಸ್ತಿ ಓಡುತ್ತೆ, ಅದನ್ನ ನಂಬ್ಕೋಬೇಡಿ ಅಂತ. ನೀವು ನನ್ನ ಕೈನೇ ನೋಡ್ತಾ ನಿಂತಿದ್ರಿ. ಆಯ್ತು ಆಯ್ತು ಅಂದ್ರಿ."

ತಾನು ದಿನವೂ ಆಫೀಸಿಗೆ ಓಡಿಸುತ್ತಿದ್ದನಲ್ಲ, ತನಗೂ ಅಷ್ಟೇ ಹೆಚ್ಚು ಬಂದಿರಬೇಕಲ್ಲ ಎಂದು ಅವನಿಗೆ ಆಗ ಹೊಳೆಯಿತು. ನೋಡಿರಲಿಲ್ಲ. ಕೀಲಿ ಇನ್ನೊಬ್ಬರ ಕೈಗೆ ಹೋಗುವಾಗ ಮಾತ್ರ ಅಂಕಿ ನೋಡುವ ಕಣ್ಣು ಅವನದು. ಆರು ಶನಿವಾರ ಒಂದೇ ತಪ್ಪು, ಕೂದಲೆಳೆಯಷ್ಟೂ ಬದಲಾಗದ ತಪ್ಪು. ಯಾವ ಅಂಗಡಿಯಲ್ಲಿ ಕಂಡಿದ್ದರೂ ಮನುಷ್ಯನನ್ನು ಬಿಟ್ಟು ತಕ್ಕಡಿಯನ್ನು ಹಿಡಿಯುತ್ತಿದ್ದ. ಮನೆಯಲ್ಲಿ ತಕ್ಕಡಿಯನ್ನು ಬಿಟ್ಟು ಹೆಂಡತಿಯನ್ನು ಹಿಡಿದಿದ್ದ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮನಸ್ಸು ತಾನಾಗಿ ಲೆಕ್ಕ ಹಾಕಿತು. ಮೂವತ್ತೆಂಟು ಕಿಲೋಮೀಟರು ಓಡಿದರೆ ಈ ಮೀಟರು ನಲವತ್ತೊಂದು ತೋರಿಸುತ್ತದೆ. ಆರು ಶನಿವಾರ ಸರಿಹೋಯಿತು. ನಲವತ್ತಾರು ತೋರಿಸಿದ ಆ ಒಂದು ಶನಿವಾರ ಸರಿಹೋಗಲಿಲ್ಲ. ಟೈರನ್ನು ಎಷ್ಟು ಚಿಕ್ಕದು ಮಾಡಿದರೂ ನಾಲ್ಕೂವರೆ ಕಿಲೋಮೀಟರು ಉಳಿಯುತ್ತಿತ್ತು. ಕ್ಷಮೆ ಕೇಳಲು ಹೊರಟವನ ಜೇಬಿನಲ್ಲಿ ಆ ನಾಲ್ಕೂವರೆ ಕಿಲೋಮೀಟರು ಚೂಪು ಕಲ್ಲಿನಂತೆ ಕೂತಿತು.

ಸಂಜೆ ಅವಳು ಆಸ್ಪತ್ರೆಯಿಂದ ಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ. ಟೈರು, ಬಿಳಿ ಕಂಬ, ಹತ್ತು ಸಲ, ಹತ್ತು ಪಾಯಿಂಟ್ ಎಂಟು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. "ತಪ್ಪಾಯ್ತು," ಎಂದ. ಆ ಮಾತನ್ನು ಅವನು ಬೇರೆಯವರ ಬಾಯಿಂದ ಸಾವಿರ ಸಲ ಕೇಳಿದ್ದ. ತಾನು ಹೇಳುವಾಗ ನಾಲಿಗೆಗೆ ಅದರ ಅಭ್ಯಾಸವಿರಲಿಲ್ಲ.

ಅವಳು ಚೀಲ ಕೆಳಗಿಟ್ಟಳು. "ನಾನು ಹೇಳಿದ್ದು ನಿಜ ಅಂತ ರಸ್ತೆ ಹೇಳ್ತು. ಅದಕ್ಕೆ ನೀನು ನಂಬಿದೆ. ಅಲ್ವಾ?"

ಅವನು ಅವಳ ಚೀಲವನ್ನು ಎತ್ತಿ ಕುರ್ಚಿಯ ಮೇಲಿಟ್ಟ.

"ಕಂಬ ಇಲ್ದೇ ಇದ್ದಿದ್ರೆ?" ಎಂದಳು ಅವಳು.

ಅವಳು ಮೇಜಿನ ಮೇಲಿನ ಕೀಲಿಯನ್ನು ಎತ್ತಿಕೊಂಡಳು. "ಬಾ. ಕೂತ್ಕೋ."

ಆ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತದ್ದು ಅವನು ಅದೇ ಮೊದಲು. ಅಲ್ಲಿಂದ ರಸ್ತೆ ಇನ್ನೂ ಹತ್ತಿರ, ಇನ್ನೂ ವೇಗವಾಗಿ ಕಾಣುತ್ತಿತ್ತು. ಹೆದ್ದಾರಿಗೆ ಸೇರುವ ಮುಂಚಿನ ವೃತ್ತದಲ್ಲಿ ಅವಳು ಅಕ್ಕನ ಮನೆಯ ದಾರಿ ಬಿಟ್ಟು ಗುಡ್ಡದ ಕಡೆ ತಿರುಗಿದಳು. ಊರಿಗೆ ನೀರು ಕೊಡುವ ದೊಡ್ಡ ತೊಟ್ಟಿ ಆ ಗುಡ್ಡದ ತಲೆಯ ಮೇಲಿದೆ. ಅದನ್ನು ಸುತ್ತಿಕೊಂಡು ಹೋಗಿ ಅದೇ ವೃತ್ತಕ್ಕೆ ಇಳಿಯುವ ರಸ್ತೆ ಅದು. ಮನೆಗಳಿಲ್ಲ, ಅಂಗಡಿಗಳಿಲ್ಲ. ಬರೀ ತಿರುವುಗಳು. ಅವಳು ಒಂದೊಂದು ತಿರುವಿಗೂ ಗೇರು ಇಳಿಸಿ ಏರಿಸುತ್ತಿದ್ದಳು, ಆ ಸ್ವರ ಕಲ್ಲುಗೋಡೆಗೆ ತಾಗಿ ತಿರುಗಿ ಬರುತ್ತಿತ್ತು. ಕಿಟಕಿಗಳೆಲ್ಲ ಕೆಳಗೆ. ಸಂಜೆಯ ಬಿಸಿಲು ಅವಳ ಕೈಮೇಲೆ ಬಿದ್ದು ಜಾರುತ್ತಿತ್ತು. ಅವನು ಈ ಕಾರನ್ನು ಬಯಸಿದ್ದು ಇದಕ್ಕೇ, ಆದರೆ ತನಗೆ ಇದು ಬರುವುದಿಲ್ಲ ಎಂದು ಅವನಿಗೆ ಅರ್ಥವಾಯಿತು. ಆಶ್ಚರ್ಯವೆಂದರೆ ಅದರಿಂದ ಹೊಟ್ಟೆಕಿಚ್ಚಾಗಲಿಲ್ಲ.

"ಅವತ್ತು ಅಕ್ಕ ಕೋಲಿಲ್ದೆ ನಿಂತ್ಲು," ಎಂದಳು ಅವಳು ರಸ್ತೆಯಿಂದ ಕಣ್ಣು ತೆಗೆಯದೆ. "ಆರು ಹೆಜ್ಜೆ. ಮಂಚದಿಂದ ಕಿಟಕಿವರೆಗೆ. ಅಲ್ಲಿ ನಿಂತು ಬೀದಿ ನೋಡಿ ಅತ್ಲು. ಆಸ್ಪತ್ರೇಲಿ ಎಷ್ಟೋ ಜನರನ್ನ ನಡೆಸಿದ್ದೀನಿ, ಅವತ್ತಿನ ಹಂಗೆ ಯಾವತ್ತೂ ಆಗಿರ್ಲಿಲ್ಲ. ಸೀದಾ ಮನೆಗೆ ಬರೋಕೆ ಮನಸ್ಸಾಗ್ಲಿಲ್ಲ. ಇಲ್ಲಿ ಒಂದು ಸುತ್ತು ಹಾಕ್ದೆ. ಆಮೇಲೆ ನಿಂಗೆ ಹೇಳ್ಬೇಕು ಅಂತ ಓಡಿ ಬಂದೆ. ನೀನು ಕೀಲಿ ಕೇಳ್ದೆ."

ರಸ್ತೆ ಇಳಿದು ವೃತ್ತಕ್ಕೆ ಬಂತು. ಅವನು ಅವಳ ಮುಖ ನೋಡಬೇಕಿತ್ತು, ನೋಡಬೇಕೆಂದೂ ಗೊತ್ತಿತ್ತು. ಕಣ್ಣು ಸ್ಟಿಯರಿಂಗಿನ ಹಿಂದಿನ ಅಂಕಿಯ ಮೇಲೆ ಹೋಯಿತು; ಗುಡ್ಡಕ್ಕೆ ತಿರುಗುವಾಗ ಇದೇ ವೃತ್ತದಲ್ಲಿ ಕಂಡಿದ್ದಕ್ಕಿಂತ ಎಷ್ಟು ಹೆಚ್ಚು? ಐದು. ಈ ಮೀಟರಿನ ಐದು ಎಂದರೆ ನಿಜಕ್ಕೆ ನಾಲ್ಕೂವರೆ, ಒಂಚೂರು ಹೆಚ್ಚು.

ಅರೆಕ್ಷಣವೂ ಆಗಿರಲಿಲ್ಲ. ಆದರೂ ಅವಳು ಕಂಡಳು.

"ಸರಿ ಬಂತಾ?"

ಇಲ್ಲ, ನಾನು ನೋಡಲಿಲ್ಲ ಎನ್ನಬಹುದಿತ್ತು. ಅಷ್ಟು ಮಾತ್ರ ಅವನ ಕೈಲಾಗಲಿಲ್ಲ. "ಬಂತು," ಎಂದ.

ಅವಳು ಬೈಯಲಿಲ್ಲ. ತಮ್ಮ ಬೀದಿ ಇನ್ನೂ ಎರಡು ತಿರುವು ಇರುವಾಗಲೇ ಬಟ್ಟೆ ಇಸ್ತ್ರಿ ಮಾಡುವವನ ಅಂಗಡಿಯ ಮುಂದೆ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು. "ಇಳಿ," ಎಂದಳು.

"ಮನೆ ಇನ್ನೂ..."

"ಗೊತ್ತು ಎಷ್ಟು ದೂರ ಅಂತ. ನಾನು ಹೋಗಿ ಬರ್ತೀನಿ. ಎಲ್ಲಿಗೆ ಅಂತ ಕೇಳ್ಬೇಡ. ಎಷ್ಟು ಹೊತ್ತಿಗೆ ಅಂತಾನೂ."

ಆ ಕಾರಿನಿಂದ ಇಳಿಯುವುದೆಂದರೆ ಬಾವಿಯಿಂದ ಹತ್ತಿದ ಹಾಗೆ. ಮಂಡಿಗೆ ಕೈ ಊರಿ ಎದ್ದು ನಿಂತು ಬಾಗಿಲು ಮುಚ್ಚಿದ. ಅವಳು ಹಿಂದಿನಿಂದ ಬರುತ್ತಿದ್ದ ಸೈಕಲ್ಲಿಗೆ ದಾರಿ ಬಿಟ್ಟು, ಆಮೇಲೆ ಹೊರಟಳು. ಮನೆಯ ತಿರುವನ್ನು ದಾಟಿ ನೇರ ಹೋದಳು. ಎರಡನೆಯ ಗೇರು, ಮೂರನೆಯ ಗೇರು ಕೇಳಿಸಿತು. ನಾಲ್ಕನೆಯದು ಬಸ್ಸಿನ ಸದ್ದಿನಲ್ಲಿ ಮುಳುಗಿತು. ಅವನು ಅಲ್ಲೇ ನಿಂತಿದ್ದ.

"ಏನ್ ಸಾರ್, ಕಾರು ಕೈಕೊಡ್ತಾ?" ಎಂದ ಇಸ್ತ್ರಿಯವನು, ಒಂದು ಬಿಳಿ ಅಂಗಿಯ ತೋಳನ್ನು ಮಡಚುತ್ತ.

"ಇಲ್ಲ," ಎಂದ ಅವನು. "ಕಾರಿಗೇನೂ ಆಗಿಲ್ಲ."